ಕಲಿಯುತ್ತ ಗಳಿಸುವವರಿಗೆ ಎರಡು ಮಾತು

(ಸಂಘದ ವಿದ್ಯಾರ್ಥಿ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಯ ಹಿರಿಮೆಯನ್ನು ಹೇಳಬಲ್ಲವರು ಅನೇಕರಿದ್ದಾರೆ. ಬ್ಯಾಂಕಿನ ಗುಮಾಸ್ತಿಕೆ ಮಾಡುವ ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಕಾಲೇಜಿಗೆ ಹೋಗುವ ಮಕ್ಕಳು ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಗಳಿಸುವುದು ಹೇಗೆ, ಗಳಿಸಹೋಗಿ ಮೋಸಹೋಗದಿರುವುದು ಹೇಗೆ ಎಂಬುದೇ ಆ ವಿಷಯ.

ನಮ್ಮವರು ಈ ಊರಿಗೆ ಬಂದದ್ದೇ ದುಡಿಮೆಗಾಗಿ. 1954ರಲ್ಲಿ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೊಟಿಕ್ಸ್ ಸ್ಥಾಪನೆಯಾಯಿತು. ಮುಂದೆ ಆಕುರ್ಡಿ, ಭೋಸರಿ, ಚಿಂಚವಾಡಗಳಲ್ಲಿ ಕಾರಖಾನೆಗಳು ಸಾಲುಗಟ್ಟಿದವು. ವಿಜಾಪುರ, ಕಲಬುರ್ಗಿ, ಬೀದರಗಳ ಕಡೆಯಿಂದ ಬಂದ ಹಿರಿಯರು ಕಾರಖಾನೆಯ ಗೇಟಿನ ಮುಂದೆ ನಿಂತು ಕೆಲಸ ಕೇಳಿದರು. ಕೆಲಸ ಸಿಕ್ಕಲಿ ಬಿಡಲಿ, ಗೇಟಂತೂ ಕಣ್ಣಿಗೆ ಕಾಣುತ್ತಿತ್ತು. ಅದರ ಮೇಲೊಂದು ಹೆಸರಿತ್ತು, ಒಳಗೆ ಉತ್ತರ ಹೇಳುವ ಮನುಷ್ಯನಿದ್ದ. ಇಂದು ಮಕ್ಕಳ ಮೊಬೈಲಿಗೆ ಬಂದು ಬೀಳುವ ಕೆಲಸಕ್ಕೆ ಗೇಟಿಲ್ಲ. ತೊಡಕಿರುವುದು ಇಲ್ಲಿಯೇ.

ಕಲಿಯುತ್ತ ದುಡಿಯುವುದು ನಾಚಿಕೆಯ ಮಾತಲ್ಲ. ನಮ್ಮ ಕಡೆ ವಾರಾನ್ನ, ಪುಣೆಯಲ್ಲಿ ಮಧುಕರಿ ಎಂದು ಬಡ ವಿದ್ಯಾರ್ಥಿಗಳು ಹತ್ತು ಮನೆಯ ಅನ್ನ ಉಂಡು ಓದಿದ ಕಾಲವಿತ್ತು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವೂರಾವ ಪಾಟೀಲರು, ಹುಡುಗರು ತಮ್ಮ ಕೈಕೆಲಸದಿಂದಲೇ ಓದಬೇಕೆಂದು ತೋರಿಸಿಕೊಟ್ಟರು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ‘ಕಮವಾ ವ ಶಿಕಾ’ ಯೋಜನೆಗೆ ಅವರ ಹೆಸರೇ ಇದೆ. ಗ್ರಂಥಾಲಯ, ಕಚೇರಿ, ತೋಟ ಮುಂತಾದೆಡೆ ಗಂಟೆಯ ಲೆಕ್ಕದಲ್ಲಿ ಕೆಲಸ, ಅದಕ್ಕೆ ತಕ್ಕ ಸಂಭಾವನೆ. ಆದುದರಿಂದ ಕೆಲಸ ಬೇಕಾದವರು ಮೊದಲು ತಮ್ಮ ಕಾಲೇಜಿನ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು. ಮನೆಪಾಠ, ಅಂಗಡಿಯ ಲೆಕ್ಕ, ಸಣ್ಣ ವರ್ಕ್‌ಶಾಪುಗಳ ಬಿಲ್ಲು ಬರೆಯುವುದು, ಇವೆಲ್ಲ ಅನಂತರದ ದಾರಿಗಳು. ಇಲ್ಲೆಲ್ಲ ಕೆಲಸ ಕೊಟ್ಟವರ ಮುಖವನ್ನು ನೋಡಬಹುದು.

ಇನ್ನು ಮುಖವಿಲ್ಲದವರ ಮಾತು. ಒಬ್ಬನು ಹೆಸರು ನೋಂದಾಯಿಸಲು, ಸಮವಸ್ತ್ರಕ್ಕೆ, ತರಬೇತಿಗೆ ಎಂದು ಮೊದಲೇ ಹಣ ಕೇಳುತ್ತಾನೆ. ಇನ್ನೊಬ್ಬನು ಹೋಟೆಲುಗಳಿಗೆ ‘ರೇಟಿಂಗ್’ ಕೊಡುವ ಕೆಲಸವೆಂದು ಮೊದಲ ದಿನ ನೂರಿನ್ನೂರು ರೂಪಾಯಿ ಕಳಿಸಿ ನಂಬಿಕೆ ಹುಟ್ಟಿಸುತ್ತಾನೆ. ಆಮೇಲೆ ಹೆಚ್ಚಿನ ಲಾಭಕ್ಕೆ ಠೇವಣಿ ಇಡು ಎನ್ನುತ್ತಾನೆ. ಇಟ್ಟ ಹಣ ಪರದೆಯ ಮೇಲೆ ಬೆಳೆಯುತ್ತದೆ, ಕೈಗೆ ಬರುವುದಿಲ್ಲ. ಮತ್ತೊಬ್ಬನು ಡೇಟಾ ಎಂಟ್ರಿ ಮಾಡಿಸಿಕೊಂಡು, ತಪ್ಪುಗಳಿವೆ, ಕರಾರು ಮುರಿದಿದ್ದೀ, ದಂಡ ಕಟ್ಟು ಎಂದು ವಕೀಲರ ಹೆಸರಿನಲ್ಲಿ ಹೆದರಿಸುತ್ತಾನೆ.

ಇವರೆಲ್ಲರಿಗಿಂತ ಕೆಟ್ಟವನು, ಹಣವನ್ನು ಕೇಳದೆ ಖಾತೆಯನ್ನು ಕೇಳುವವನು. ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ತಂದೆ ಲೇತ್ ಯಂತ್ರದ ಮೇಲೆ ದುಡಿಯುವವರು, ಮಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದ. “ನಿನ್ನ ಖಾತೆಗೆ ಬಂದ ಹಣವನ್ನು ನಾವು ಹೇಳಿದಲ್ಲಿಗೆ ಕಳಿಸು, ನೂರಕ್ಕೆ ಎರಡು ರೂಪಾಯಿ ನಿನಗೆ” ಎಂದು ಯಾರೋ ಒಪ್ಪಿಸಿದರು. ಹುಡುಗನು ಇದೂ ಒಂದು ಬಗೆಯ ಕಮಿಷನ್ ಎಂದುಕೊಂಡ. ಮೂರನೆಯ ವಾರದಲ್ಲಿ ಖಾತೆ ತಡೆಹಿಡಿಯಲ್ಪಟ್ಟಿತು. ಬಂದ ಹಣ ಎಲ್ಲಿಯೋ ಯಾರನ್ನೋ ವಂಚಿಸಿ ಕಿತ್ತ ಹಣವಾಗಿತ್ತು. ಅದರೊಡನೆ ಅವನ ವಿದ್ಯಾರ್ಥಿವೇತನವೂ ಸಿಕ್ಕಿಕೊಂಡಿತು. ಪರೀಕ್ಷಾ ಶುಲ್ಕಕ್ಕೆ ತಾಯಿಯ ಕಿವಿಯೋಲೆ ಅಡವು ಬಿತ್ತು. ತಂದೆ ಪೊಲೀಸ್ ಠಾಣೆಗೆ ಅಲೆದು ಬಂದು, “ನನ್ನ ಮಗ ಕಳ್ಳ ಅಲ್ಲರೀ, ಆದರ ಕಾಗದದಾಗ ಅವನ ಹೆಸರs ಅದಲ್ಲರೀ” ಎಂದರು. ಅವರ ಎರಡು ಮಾತೂ ನಿಜ. ಹಣ ಯಾರದ್ದೇ ಇರಲಿ, ಖಾತೆ ಯಾರ ಹೆಸರಿನಲ್ಲಿದೆಯೋ ಮೊದಲು ಉತ್ತರ ಹೇಳಬೇಕಾದವರು ಅವರೇ.

ಆದುದರಿಂದ ಒಂದೇ ಒರೆಗಲ್ಲನ್ನು ನೆನಪಿಡಿರಿ. ದುಡಿಮೆಯಲ್ಲಿ ಹಣವು ಧಣಿಯಿಂದ ದುಡಿದವನ ಕಡೆಗೆ ಹರಿಯಬೇಕು. ತಿರುಗಿ ಹರಿದರೆ ಅದು ಕೆಲಸವಲ್ಲ. ಪಾಸ್‌ಬುಕ್, ಎ.ಟಿ.ಎಂ. ಕಾರ್ಡು, ಸಿಮ್ ಇವನ್ನು ಬಾಡಿಗೆಗೆ ಕೊಡಕೂಡದು. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಒತ್ತೆಯಿಡಕೂಡದು. ತೋರಿಸಿ, ನಕಲು ಕೊಟ್ಟರೆ ಸಾಕು. ಯು.ಪಿ.ಐ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ವಿಳಾಸ ಕೇಳಿ ಹಗಲಲ್ಲಿ ಹೋಗಿ ನೋಡಿರಿ, ಜೊತೆಗೊಬ್ಬರನ್ನು ಕರೆದುಕೊಳ್ಳಿರಿ. ನೇಮಕದ ಪತ್ರ ಕೇಳಲು ಸಂಕೋಚ ಬೇಡ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದಕ್ಕೆ ಬಲ ಕೊಟ್ಟಿವೆ.

ಹೆತ್ತವರಿಗೂ ಒಂದು ಬಿನ್ನಹ. ಮೋಸಹೋದ ಮಗು ಬಯ್ಗುಳಕ್ಕೆ ಹೆದರಿ ನಾಲ್ಕು ದಿನ ಸುಮ್ಮನಿದ್ದರೆ, ಹಣ ನಾಲ್ಕಾರು ಖಾತೆಗಳನ್ನು ದಾಟಿಹೋಗಿರುತ್ತದೆ. ತಿಳಿದ ಕೂಡಲೆ 1930 ಸಂಖ್ಯೆಗೆ ದೂರು ಕೊಟ್ಟು ಬ್ಯಾಂಕಿಗೂ ತಿಳಿಸಿದರೆ, ನಡುವೆ ಎಲ್ಲಿಯಾದರೂ ಅದನ್ನು ತಡೆಯುವ ಸಂಭವವಿದೆ. ಬಯ್ಯುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿರಿ.

ನಮ್ಮ ಸಂಘದಲ್ಲಿ ವ್ಯಾಪಾರಿಗಳಿದ್ದಾರೆ, ವರ್ಕ್‌ಶಾಪು ನಡೆಸುವವರಿದ್ದಾರೆ. ದಿನಕ್ಕೆರಡು ತಾಸಿನ ಕೆಲಸವಿದ್ದರೆ ಅದನ್ನು ಸಂಘದ ಫಲಕದ ಮೇಲೆ ಬರೆದು, ಕೆಳಗೆ ತಮ್ಮ ಹೆಸರು ಹಾಕಬೇಕೆಂದು ಅವರನ್ನು ಕೇಳಿಕೊಳ್ಳುತ್ತೇವೆ. ಆಗ ನಮ್ಮ ಮಕ್ಕಳಿಗೂ ನಿಂತು ಕೇಳಲು ಒಂದು ಗೇಟು ಸಿಕ್ಕುತ್ತದೆ.