ಬಾಗಿಲು ಬಡಿದ ಗಾಯ

ರಾಮದುರ್ಗದಿಂದ ಸವದತ್ತಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳ ಎಡಗೈ ಊದಿಕೊಂಡಿತ್ತು. ಮಣಿಕಟ್ಟಿನಲ್ಲಿ ಉಳಿದದ್ದು ಎರಡೇ ಹಸಿರು ಬಳೆ. "ಏನಾತವಾ?" ಅಂದೆ. "ಬಾಗಲಾ ಬಡೀತ್ರಿ ಅಕ್ಕಾರ" ಅಂದಳು. ಹಿಂದಿನ ಸೀಟಿನ ಹಿರಿಯಾಕೆಗೆ ಎಲ್ಲ ತಿಳಿದುಹೋಯಿತು. "ಗಂಡಸ್ರಿಗೆ ಸಿಟ್ಟು ಬರೂದ ಯವ್ವಾ, ನೀನೂ ತುಸು ತಾಳ್ಕೋಬೇಕು" ಅಂದಳು. ಅಂತಃಕರಣದಿಂದಲೇ ಅಂದಳು. ಆ ಅಂತಃಕರಣವೇ ನನ್ನನ್ನು ಇವತ್ತಿಗೂ ಕಾಡುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏಳು ಕಾರಣ ಮುಂದಿಟ್ಟು ಕೇಳಿತು: ಹೇಳದೆ ಹೊರಗೆ ಹೋದರೆ, ಅಡುಗೆ ಕೆಟ್ಟರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ ಗಂಡ ಹೊಡೆಯಬಹುದೇ? ಒಂದಾದರೂ ಕಾರಣಕ್ಕೆ ಹೌದು ಎಂದವರು ಕರ್ನಾಟಕದಲ್ಲಿ 100 ಗಂಡಸರಲ್ಲಿ ಸುಮಾರು 82, ಹೆಂಗಸರಲ್ಲಿ 77. ಹಿಮಾಚಲ ಪ್ರದೇಶದಲ್ಲಿ ಇಬ್ಬರಲ್ಲೂ 15ರ ಆಸುಪಾಸು. ಗಂಡು-ಹೆಣ್ಣಿನ ನಡುವಿನ ಅಂತರಕ್ಕಿಂತ ನಾಡು-ನಾಡಿನ ಅಂತರವೇ ದೊಡ್ಡದು. ಅಂದಮೇಲೆ ಈ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ, ನಾವು ಕಲಿಸಿದ್ದು.

ನಮ್ಮದಾದರೂ ಎಂಥ ಸೀಮೆ! 1824ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಕಿತ್ತೂರು ಚನ್ನಮ್ಮನ ಸಮಾಧಿಗೆ ಬೈಲಹೊಂಗಲದಲ್ಲಿ ಕೈಮುಗಿಯುತ್ತೇವೆ. ಸವದತ್ತಿಯ ಗುಡ್ಡದ ಎಲ್ಲಮ್ಮನ ಕಥೆಯೋ, ಗಂಡನ ಸಿಟ್ಟಿಗೆ ಮಗನ ಕೈಯಲ್ಲೇ ತಲೆ ಕಡಿಸಿಕೊಂಡ ರೇಣುಕೆಯದು. ಉಧೋ ಉಧೋ ಎನ್ನುವಾಗ ಆ ನೋವು ನಮಗೆ ನೆನಪಾಗುತ್ತದೆಯೇ?

ಕೌಟುಂಬಿಕ ಹಿಂಸೆ ತಡೆಗೆ 2005ರ ಕಾನೂನಿದೆ, 181 ಸಹಾಯವಾಣಿ ಇದೆ. ಅಂದು ಬಸ್ಸು ಇಳಿಯುವ ಮುಂಚೆ ಆ ಸಂಖ್ಯೆಯನ್ನು ಟಿಕೆಟ್ಟಿನ ಹಿಂದೆ ಆ ಹೆಣ್ಣುಮಗಳಿಗೆ ಬರೆದುಕೊಟ್ಟೆ. ಅವಳು ಏನೂ ಅನ್ನಲಿಲ್ಲ. ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.