ಸಾಕ್ಷಿ ಹೇಳುವವರು ಯಾರು?

(ಆರ್.ಟಿ. ನಗರದಲ್ಲಿ ವೈದ್ಯಕೀಯ ಶಿಕ್ಷಣಾಕಾಂಕ್ಷಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಪ್ರವೇಶದ ಕುರಿತು ಮಾತನಾಡುವವರಿಂದ ನೀವು ನಿರೀಕ್ಷಿಸುವುದು ಅಂಕ, ರ‍್ಯಾಂಕು, ಸೀಟು, ಶುಲ್ಕಗಳ ಲೆಕ್ಕಾಚಾರವನ್ನು. ಅದನ್ನು ಹೇಳಿಕೊಡುವವರು ಈ ನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವಿಂದು ಅರ್ಜಿಯ ಒಂದು ಚಿಕ್ಕ ಕಲಮಿನ ಬಗ್ಗೆ ಮಾತ್ರ ಹೇಳಬಯಸುತ್ತೇವೆ. ನೀವು ಮಾಡಿದ್ದಾಗಿ ಬರೆದುಕೊಂಡ ಸೇವೆಗೆ ಸಾಕ್ಷಿ ಹೇಳುವವರು ಯಾರು ಎಂದು ಕೇಳುವ ಕಲಮು ಅದು.

ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟನ್ನು ನಿರ್ಧರಿಸುವುದು ನೀಟ್‌ನ 720 ಅಂಕಗಳು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯವಾಗುತ್ತದೆಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹೀಗಾಗಿ, ರೋಗಿಗಳ ಸೇವೆ ಮಾಡಿದರೆ ಅರ್ಜಿಗೇನು ಲಾಭ ಎಂದು ನಮ್ಮ ಮಕ್ಕಳು ಕೇಳುವುದು ಸಹಜ. ಆದರೆ ಇಲ್ಲಿಯೂ ಸಾಕ್ಷಿಯಿಲ್ಲದೆ ಕೆಲಸ ನಡೆಯುವುದಿಲ್ಲ. 2ಬಿ ಪ್ರಮಾಣಪತ್ರವಿದ್ದರೆ ಅದರ ಆರ್‌ಡಿ ಸಂಖ್ಯೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪರಿಶೀಲಿಸುತ್ತದೆ. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿ ಕೋರುವವರ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ರುಜು ಬೇಕು. ಎನ್‌ಸಿಸಿ, ಕ್ರೀಡೆಗಳ ಹೆಸರಿನಲ್ಲಿ ವಿಶೇಷ ಪ್ರವರ್ಗ ಕೋರಿದರೆ ಮೂಲ ಪ್ರಮಾಣಪತ್ರಗಳನ್ನೇ ಮುಂದಿಡಬೇಕು.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಪದವಿಯ ನಂತರ ವೈದ್ಯಕೀಯ ಪ್ರವೇಶ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘವು ನಡೆಸುವ ಆಮ್‌ಕಾಸ್ ಎಂಬ ಸಾಮಾನ್ಯ ಅರ್ಜಿಯಲ್ಲಿ ಗರಿಷ್ಠ 15 ಚಟುವಟಿಕೆಗಳನ್ನು ನಮೂದಿಸಬಹುದು. ಅವುಗಳಲ್ಲಿ ಮೂರನ್ನು ಅತ್ಯಂತ ಅರ್ಥಪೂರ್ಣವೆಂದು ಆರಿಸಿಕೊಳ್ಳಬಹುದು. ಸಂಸ್ಥೆ, ಅವಧಿ, ಗಂಟೆಗಳ ಜೊತೆಗೆ ಅದನ್ನು ದೃಢಪಡಿಸಬಲ್ಲವರ ಹೆಸರು, ಹುದ್ದೆ ಮತ್ತು ಇಮೇಲ್ ಅಥವಾ ದೂರವಾಣಿಯನ್ನು ಕೊಡಬೇಕು. ಬರೆದದ್ದೆಲ್ಲವೂ ಸತ್ಯವೆಂದು ಅರ್ಜಿದಾರರು ಘೋಷಿಸಬೇಕು. ಎಲ್ಲರಿಗೂ ಕರೆ ಬರುವುದಿಲ್ಲ ನಿಜ. ಆದರೆ ಬಂದಾಗ ಉತ್ತರ ಸಿಗದಿದ್ದರೆ ಅನುಮಾನ ಹುಟ್ಟುವುದು ಅರ್ಜಿದಾರರ ಮೇಲೆಯೇ.

ಅಮೆರಿಕದ ಅರ್ಜಿ ಆರ್.ಟಿ. ನಗರಕ್ಕೇಕೆ ಎನ್ನುತ್ತೀರಾ? ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಅಲ್ಲಿ ನೆಲೆಸಿದ್ದಾರೆ. ಬೇಸಿಗೆ ರಜೆಯಲ್ಲಿ ದೇವನಹಳ್ಳಿಯಲ್ಲಿ ಇಳಿದು, ಹೆಬ್ಬಾಳ, ಯಲಹಂಕ, ಯಶವಂತಪುರಗಳ ಆಸ್ಪತ್ರೆಗಳಲ್ಲಿ ವೈದ್ಯರ ಜೊತೆ ನಿಂತು ಕೆಲಸ ನೋಡಿ ಮರಳುತ್ತಾರೆ. ಅರ್ಜಿ ತುಂಬುವಾಗ ಇಲ್ಲಿನವರ ಹೆಸರನ್ನೇ ಬರೆಯುತ್ತಾರೆ.

ಅಂತಹ ಒಂದು ಕುಟುಂಬ ನಮ್ಮ ಬಳಿಗೆ ಬಂದಿತ್ತು. ಮಗಳು ಎರಡು ಬೇಸಿಗೆ ಯಲಹಂಕದ ಕಡೆ ಉಚಿತ ತಪಾಸಣಾ ಶಿಬಿರಗಳಲ್ಲಿ ದುಡಿದಿದ್ದಳು. ರಕ್ತದೊತ್ತಡ ಅಳೆಯುವ ಸಾಲಿನಲ್ಲಿ ವೃದ್ಧೆಯರ ಹೆಸರು ಬರೆದುಕೊಂಡು, ಅವರ ಉರ್ದು, ಕನ್ನಡ ಮಾತನ್ನು ವೈದ್ಯರಿಗೆ ವಿವರಿಸುವುದು ಅವಳ ಕೆಲಸವಾಗಿತ್ತು. ನಾಲ್ಕು ವರ್ಷಗಳ ನಂತರ ವಿಚಾರಿಸಿದರೆ, ಆ ವೈದ್ಯರು ಕೆಲಸ ಬಿಟ್ಟು ಗಲ್ಫ್‌ಗೆ ಹೋಗಿದ್ದರು. ಶಿಬಿರ ನಡೆಸಿದ ಸಮಿತಿಯ ಪುಸ್ತಕದಲ್ಲಿ ದಾನಿಗಳ ಹೆಸರುಗಳಿದ್ದವು, ಅತಿಥಿಗಳ ಭಾವಚಿತ್ರಗಳಿದ್ದವು, ದುಡಿದವರ ಹೆಸರು ಒಂದೂ ಇರಲಿಲ್ಲ. ಪರಿಚಯದ ಮಾಜಿ ಶಾಸಕರೊಬ್ಬರ ಹೆಸರು ಹಾಕಿಬಿಡೋಣ, ದೊಡ್ಡವರ ಹೆಸರಿಗೆ ಬೆಲೆಯಿದೆ ಎಂದು ತಂದೆ ಹೇಳಿದರು. ಆ ಮಾಜಿ ಶಾಸಕರು ಶಿಬಿರದ ಉದ್ಘಾಟನೆಗೆ ಅರ್ಧ ಗಂಟೆ ಬಂದು ಹೋದವರು. ಮಗಳು ಒಪ್ಪಲಿಲ್ಲ. "ಅವರು ನನ್ನನ್ನು ನೋಡಿಯೇ ಇಲ್ಲವಲ್ಲ, ಅಬ್ಬಾ" ಎಂದಳು. ಕೊನೆಗೆ ನೆರವಾದವರು ಒಬ್ಬ ನರ್ಸ್. ಪ್ರತಿ ಶಿಬಿರದ ದಿನ ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲಿ ಕುಳಿತರು ಎಂದು ತಮ್ಮ ಅನುಕೂಲಕ್ಕಾಗಿ ಅವರು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಹುಡುಗಿ ಅವರ ಒಪ್ಪಿಗೆ ಪಡೆದು ಅವರ ಹೆಸರನ್ನೇ ಕೊಟ್ಟಳು.

ವಿಶ್ವಾಸಾರ್ಹ ಸಾಕ್ಷಿ ಎಂದರೆ ಇದೇ. ಅವರ ಹುದ್ದೆ ದೊಡ್ಡದಾಗಿರಬೇಕಿಲ್ಲ, ಅವರು ನಿಮ್ಮ ಕೆಲಸವನ್ನು ಕಣ್ಣಾರೆ ಕಂಡಿರಬೇಕು. ಆದ್ದರಿಂದ ವಿದ್ಯಾರ್ಥಿಗಳಿಗೆ ಕೆಲವು ಮಾತುಗಳು. ಕೆಲಸ ಆರಂಭಿಸಿದ ದಿನವೇ ಒಂದು ಪುಸ್ತಕ ತೆರೆದು ದಿನಾಂಕ, ಗಂಟೆ, ಮಾಡಿದ ಕೆಲಸ, ಮೇಲ್ವಿಚಾರಕರ ಹೆಸರನ್ನು ಬರೆಯಿರಿ. ಬಿಡುವ ದಿನ ಅವರ ಶಾಶ್ವತ ಇಮೇಲ್ ವಿಳಾಸ ಕೇಳಿಕೊಳ್ಳಿರಿ. ಆಸ್ಪತ್ರೆ ಬದಲಿಸಿದ ಮರುದಿನ ಅಲ್ಲಿನ ವಿಳಾಸ ನಿಂತುಹೋಗಬಹುದು. ಹೆಸರು ಕೊಡುವ ಮುನ್ನ ಅನುಮತಿ ಪಡೆಯಿರಿ, ನೀವು ಬರೆದ ಗಂಟೆಗಳ ಲೆಕ್ಕವನ್ನು ಅವರಿಗೆ ತೋರಿಸಿರಿ. ವಿದೇಶದಿಂದ ಕರೆ ಬರುವುದಾದರೆ ಸಂಖ್ಯೆಗೆ 91 ಸೇರಿಸಲು ಮರೆಯದಿರಿ. ಅವರು ಕೆಲಸ ಬಿಟ್ಟಿದ್ದರೆ ಅಥವಾ ತೀರಿಕೊಂಡಿದ್ದರೆ, ದಾಖಲೆ ನೋಡಿ ಉತ್ತರಿಸಬಲ್ಲ ಈಗಿನ ಅಧಿಕಾರಿಯನ್ನು ಹುಡುಕಿರಿ. ನೀವೇ ಕಟ್ಟಿದ ಕಾರ್ಯಕ್ರಮವಾದರೆ ಜೊತೆಗೆ ದುಡಿದವರ ಅಥವಾ ಮಾರ್ಗದರ್ಶಕರ ಹೆಸರು ಕೊಡಿರಿ. ಸೋದರಮಾವ ವೈದ್ಯರೆಂಬ ಕಾರಣಕ್ಕೆ ಎಲ್ಲದಕ್ಕೂ ಅವರ ಹೆಸರು ಬರೆಯಬೇಡಿರಿ. ಬಂಧುವಿನ ಸಾಕ್ಷಿಯನ್ನು ಯಾರು ತಾನೇ ಪೂರ್ತಿ ನಂಬುತ್ತಾರೆ?

ಆದರೆ ಹೊಣೆ ಮಕ್ಕಳದ್ದು ಮಾತ್ರವೇ? 2020 ಮತ್ತು 2021ರ ಕೊರೋನಾ ದಿನಗಳನ್ನು ನೆನೆಯಿರಿ. ನಮ್ಮ ಯುವಕರು ಆಮ್ಲಜನಕದ ಸಿಲಿಂಡರ್ ಹೊತ್ತರು, ಬಂಧುಗಳೇ ಹತ್ತಿರ ಬಾರದ ಶವಗಳನ್ನು ಜಾತಿ ಧರ್ಮ ನೋಡದೆ ಸಂಸ್ಕಾರ ಮಾಡಿದರು. ಅವರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ಸಮಿತಿಗಳ ಕಡತದಲ್ಲಿದೆ? ಪ್ರತಿಫಲ ಬಯಸದೆ ಮಾಡಿದ ಸೇವೆಗೆ ಲೆಕ್ಕವೇಕೆ ಎಂದು ಕೆಲವರು ಕೇಳುತ್ತಾರೆ. ಸೇವೆ ಮಾಡಿದವನು ಹಾಗೆನ್ನಬಹುದು, ಮಾಡಿಸಿಕೊಂಡ ಸಂಸ್ಥೆ ಹಾಗೆನ್ನಬಾರದು. ಹತ್ತು ರೂಪಾಯಿ ಚಂದಾಕ್ಕೆ ರಸೀದಿ ಕೊಡುವ ನಾವು ಹತ್ತು ರಾತ್ರಿಗಳ ನಿದ್ದೆಗೆಟ್ಟವನಿಗೆ ಒಂದು ಸಾಲು ಬರೆದಿಡಲಾರೆವೇ?

ಇದಕ್ಕಿಂತ ಕಹಿಯಾದ ಮಾತೊಂದಿದೆ. ದಾಖಲೆಯಿಡದ ಅದೇ ಸಮಿತಿಗಳು ಕೇಳಿದವರಿಗೆಲ್ಲ ಪತ್ರ ಬರೆದುಕೊಡುತ್ತವೆ. ಒಂದು ದಿನ ಬಂದವನಿಗೆ ಒಂದು ವರ್ಷದ ಸೇವಾ ಪತ್ರ. ಪಾಪ, ಹುಡುಗನ ಭವಿಷ್ಯ ಎಂಬ ಕನಿಕರ ಬೇರೆ. ಒಂದು ಸುಳ್ಳು ಪತ್ರ ಬಯಲಾದರೆ, ಆ ಸಂಸ್ಥೆಯ ಹೆಸರಿನಲ್ಲಿ ಮುಂದೆ ಬರುವ ನಿಜವಾದ ಪತ್ರಗಳೂ ಬೆಲೆ ಕಳೆದುಕೊಳ್ಳುತ್ತವೆ. ನಷ್ಟವಾಗುವುದು ಪ್ರಾಮಾಣಿಕವಾಗಿ ದುಡಿದ ಬಡ ಮನೆಯ ಮಗುವಿಗೆ.

ಹೇಳಿದ್ದೇನು ಎನ್ನುವುದಕ್ಕಿಂತ ಮೊದಲು ಹೇಳಿದವರು ಯಾರು, ಅವರ ನೆನಪು ಹೇಗೆ, ನಡತೆ ಹೇಗೆ, ಅವರು ಅದನ್ನು ನೇರವಾಗಿ ಕೇಳಿದ್ದರೇ ಎಂದು ಶೋಧಿಸುವ ಶಾಸ್ತ್ರವನ್ನೇ ಹದೀಸ್ ವಿದ್ವಾಂಸರು ಕಟ್ಟಿದ್ದರು. ಆ ಪರಂಪರೆಯ ವಾರಸುದಾರರೆಂದು ಹೆಮ್ಮೆಪಡುವ ನಾವು ಕಾಣದ್ದಕ್ಕೆ ಸಹಿ ಹಾಕುವುದು ಸರಿಯೇ?

ವಿದ್ಯಾರ್ಥಿಗಳೇ, ನಾಳೆ ನೀವು ವೈದ್ಯರಾದಾಗ ರೋಗಿಯ ಕೇಸ್ ಶೀಟಿನಲ್ಲಿ ನೀವು ಬರೆದುದನ್ನೇ ನಂಬಿ ಇನ್ನೊಬ್ಬ ವೈದ್ಯರು ಮದ್ದು ಕೊಡುತ್ತಾರೆ. ನೋಡದ ನಾಡಿಯನ್ನು ನೋಡಿದೆನೆಂದು ಬರೆದರೆ ಜೀವ ಹೋದೀತು. ಆ ಅಭ್ಯಾಸ ಈ ಅರ್ಜಿಯಿಂದಲೇ ಆರಂಭವಾಗಲಿ. ಈ ಸಭೆಯಲ್ಲಿರುವ ಸಮಿತಿಗಳ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿಯೊಂದೇ: ಮುಂದಿನ ಶಿಬಿರಕ್ಕೆ ಬ್ಯಾನರ್ ಬರೆಯಿಸುವ ಮೊದಲು ಒಂದು ಹಾಜರಿ ಪುಸ್ತಕ ಕೊಳ್ಳಿರಿ.