ದನಿ ನಿಂತಿತೋ, ಅಲೆಯೇ ನಿಂತಿತೋ?

ಶಿರೂರಿನ ಮಕ್ಕಳೇ, ನಿಮ್ಮೂರಲ್ಲಿ ಮಳೆಗಾಲ ಎಂದರೆ ಕರೆಂಟ್ ಹೋಗುವ ಕಾಲವೂ ಹೌದಲ್ಲವೇ? ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದ ಕೂಡಲೇ ‘ಟಕ್’ ಎಂದು ಸಣ್ಣ ಸದ್ದು ಕೇಳುತ್ತದೆ. ದೀಪ ಒಮ್ಮೆ ಮಿಣುಕಿ ಮತ್ತೆ ಉರಿಯುತ್ತದೆ. ಆ ಸದ್ದು ರಿಲೇ ಎಂಬ ಪುಟ್ಟ ಸ್ವಿಚ್ಚಿನದು. ಯಾರೂ ಎದ್ದು ಹೋಗಿ ಒತ್ತಲಿಲ್ಲ, ಅದೇ ತಿಳಿದುಕೊಂಡು ದಾರಿ ಬದಲಿಸಿತು.

ಇದೇ ಕೆಲಸವನ್ನು ರೇಡಿಯೋ ಕೇಂದ್ರದಲ್ಲಿ ಮಾಡುವುದು ಹೇಗೆ, ನೋಡೋಣ.

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಮಾತು, ಹಾಡು ಹುಟ್ಟುವ ಸ್ಟುಡಿಯೋ ಮಂಗಳೂರಿನ ಕದ್ರಿಯಲ್ಲಿದೆ. ಅದರ 1089 ಕಿಲೋಹರ್ಟ್ಸ್‌ನ ಪ್ರೇಷಕವನ್ನು, ಅಂದರೆ ಅಲೆ ಹೊರಡಿಸುವ ಯಂತ್ರವನ್ನು, ಬ್ರಹ್ಮಾವರದಲ್ಲಿ ಸ್ಥಾಪಿಸಿದರು. 1089 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 10,89,000 ಸಲ ಏರಿಳಿಯುವ ಅಲೆ. ಬ್ರಹ್ಮಾವರದಿಂದ ಶಿರೂರಿಗೆ ಬರಲು ಅದಕ್ಕೆ ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು ಸಮಯ ಸಾಕು. ಕಡಲು ಕೆರಳುವ ದಿನ ಮೀನುಗಾರರಿಗೆ ಎಚ್ಚರಿಕೆಯ ಮಾತು ಹೊತ್ತು ತರುವ ಅಲೆ ನಡುವೆ ನಿಂತರೆ ಆಗುತ್ತದೆಯೇ? ಅದಕ್ಕೇ ಪ್ರಸಾರ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಒಂದು ಪ್ರೇಷಕ ಕೆಲಸದಲ್ಲಿದ್ದರೆ ಇನ್ನೊಂದು ಕಾದಿರುತ್ತದೆ.

ಕಾದಿರುವುದರಲ್ಲೂ ಎರಡು ಬಗೆ. ಪೂರ್ತಿ ಆರಿಸಿಟ್ಟ ಯಂತ್ರ ಎಚ್ಚರಗೊಂಡು ತಯಾರಾಗಲು ಹೊತ್ತು ಹಿಡಿಯುತ್ತದೆ. ಹಾಗಾಗಿ ತುರ್ತಿರುವ ಕಡೆ ಎರಡನೆಯದನ್ನೂ ಚಾಲೂ ಇಟ್ಟು, ಅದೇ ಕಾರ್ಯಕ್ರಮವನ್ನು ಅದಕ್ಕೂ ಕೊಡುತ್ತಾರೆ. ಅದರ ಶಕ್ತಿ ಮಾತ್ರ ಆಂಟೆನಾಗೆ ಹೋಗುವುದಿಲ್ಲ. ‘ಡಮ್ಮಿ ಲೋಡ್’ ಎಂಬ ದೊಡ್ಡ ರೆಸಿಸ್ಟರಿಗೆ ಹೋಗಿ ಬಿಸಿಯಾಗಿ ಕಳೆದುಹೋಗುತ್ತದೆ. ಎರಡನ್ನೂ ನೇರವಾಗಿ ಒಂದೇ ಆಂಟೆನಾಗೆ ಕಟ್ಟಿದರೆ ಒಂದರ ಶಕ್ತಿ ಇನ್ನೊಂದರೊಳಗೆ ನುಗ್ಗಿ ಎರಡೂ ಕೆಟ್ಟಾವು. ನಡುವೆ ಸ್ವಿಚ್ ಬೇಕಾಗುವುದು ಇದಕ್ಕೇ.

ಈಗ ಕಷ್ಟದ ಪ್ರಶ್ನೆ. ಕೆಲಸದಲ್ಲಿರುವ ಯಂತ್ರ ಕೆಟ್ಟಿತು ಎಂದು ಸ್ವಿಚ್ಚಿಗೆ ತಿಳಿಯುವುದು ಹೇಗೆ? ವಾರ್ತೆ ಓದುವವರು ಉಸಿರೆಳೆದುಕೊಳ್ಳಲು ಅರೆಕ್ಷಣ ನಿಲ್ಲುತ್ತಾರೆ. ನಾಟಕದಲ್ಲಿ ಬೇಕೆಂದೇ ಮೌನ ಇರುತ್ತದೆ. ಆ ಮೌನವನ್ನೂ ಕೆಡುಕೆಂದು ತಿಳಿದರೆ ಸ್ವಿಚ್ ದಿನವಿಡೀ ಅತ್ತಿತ್ತ ಕುಣಿಯಬೇಕಾದೀತು!

ಇಲ್ಲೊಂದು ಸೊಗಸಾದ ಸಂಗತಿಯಿದೆ. ಈ ಬಗೆಯ ಪ್ರಸಾರದಲ್ಲಿ ಮಾತು ನಿಂತರೂ ಅಲೆ ನಿಲ್ಲುವುದಿಲ್ಲ. ಮಾತನ್ನು ಹೊತ್ತೊಯ್ಯುವ ‘ವಾಹಕ ತರಂಗ’ ಮೌನದಲ್ಲೂ ಸೆಕೆಂಡಿಗೆ 10,89,000 ಸಲ ಏರಿಳಿಯುತ್ತಲೇ ಇರುತ್ತದೆ. ಆಂಟೆನಾಗೆ ಹೋಗುವ ದಾರಿಯಲ್ಲಿ ಒಂದು ಉಪಕರಣ ಅದರಿಂದ ಸಾವಿರದಲ್ಲೊಂದು ಪಾಲು, ಅದಕ್ಕಿಂತಲೂ ಕಡಿಮೆ, ಬದಿಗೆ ತೆಗೆಯುತ್ತದೆ. ಡಯೋಡ್ ಆ ಪಾಲನ್ನು ನೇರ ವಿದ್ಯುತ್ತಾಗಿ ಬದಲಿಸುತ್ತದೆ. ಗೊತ್ತುಮಾಡಿದ ಮಟ್ಟಕ್ಕಿಂತ ಅದು ಕೆಳಗಿಳಿದರೆ ನಿಂತಿರುವುದು ಮಾತಲ್ಲ, ಅಲೆಯೇ!

ಆದರೆ ಕದ್ರಿಯಿಂದ ಬರುವ ದಾರಿಯೇ ತುಂಡಾದರೆ? ಆಗ ಅಲೆ ಇರುತ್ತದೆ, ಮಾತು ಇರುವುದಿಲ್ಲ. ಆದ್ದರಿಂದ ಧ್ವನಿಗೇ ಕಿವಿಗೊಡುವ ಇನ್ನೊಂದು ಕಾವಲುಗಾರ ಬೇಕು. ಅದು ಮೌನ ಕೇಳಿದೊಡನೆ ಆತುರಪಡದೆ ಹಲವು ಸೆಕೆಂಡು ತಾಳಿ ನೋಡುತ್ತದೆ. ಮೂರನೆಯದೂ ಉಂಟು: ಆಂಟೆನಾ ಅಥವಾ ಕೇಬಲ್ ಹಾಳಾದರೆ ಕಳಿಸಿದ ಶಕ್ತಿ ಹಿಂದಕ್ಕೆ ಮರಳುತ್ತದೆ. ಹೀಗೆ ಮರಳಿದ್ದನ್ನು ಅಳೆಯುವ ಯಂತ್ರ, ತಪ್ಪು ಪ್ರೇಷಕದ್ದಲ್ಲ, ಸ್ವಿಚ್ ತಿರುಗಿಸಿ ಫಲವಿಲ್ಲ ಎಂದು ಹೇಳುತ್ತದೆ. ಯಾವಾಗ ಬದಲಿಸಬಾರದು ಎಂಬುದನ್ನೂ ಅರಿತಿದ್ದರೇ ಅದು ಒಳ್ಳೆಯ ಕಾವಲು.

ಬದಲಿಸುವಾಗಲೂ ಒಂದು ಕ್ರಮವಿದೆ. ಮೊದಲು ಶಕ್ತಿಯನ್ನು ಕ್ಷಣಕಾಲ ತಡೆಯಬೇಕು. ಇಲ್ಲದಿದ್ದರೆ ಬಿಡಿಸುವ ತುದಿಗಳ ನಡುವೆ ಕಿಡಿ ಹಾರಿ ಲೋಹ ಸುಡುತ್ತದೆ. ಆಮೇಲೆ ಸ್ವಿಚ್ ತಿರುಗುತ್ತದೆ, ಮತ್ತೆ ಶಕ್ತಿ ಹರಿಯುತ್ತದೆ. ಕೆಟ್ಟ ಯಂತ್ರ ತಾನೇ ಚೇತರಿಸಿಕೊಂಡರೂ ಎಷ್ಟೋ ಕಡೆ ಸ್ವಿಚ್ ಹಿಂದಿರುಗುವುದಿಲ್ಲ. ಎಂಜಿನಿಯರ್ ಬಂದು ಪರೀಕ್ಷಿಸಿದ ಮೇಲೆಯೇ ಹಳೆಯ ಜಾಗ.

ಎಂಜಿನಿಯರ್ ಹೋಗಲಾರದ ಜಾಗವೂ ಇದೆಯಲ್ಲ! ನೆಲದಿಂದ ಸುಮಾರು 36,000 ಕಿ.ಮೀ. ಮೇಲೆ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳಿವೆ. ಅವನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲಿದೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರ ಬಂತು. ಇಂಥ ಉಪಗ್ರಹದೊಳಗೂ ಹೆಚ್ಚುವರಿ ವರ್ಧಕಗಳಿರುತ್ತವೆ. ಒಂದು ಕೆಟ್ಟರೆ ನೆಲದಿಂದ ಆದೇಶ ಕಳಿಸಿ ಸ್ವಿಚ್ ತಿರುಗಿಸಬಹುದು. ಆ ಸ್ವಿಚ್ಚುಗಳು ಒಮ್ಮೆ ತಿರುಗಿದರೆ ಅಲ್ಲೇ ಕಚ್ಚಿ ನಿಲ್ಲುವಂಥವು. ನಡುವೆ ವಿದ್ಯುತ್ ಹೋದರೂ ಜಾಗ ಬಿಡುವುದಿಲ್ಲ.

ಆದರೆ ಆದೇಶ ಕೇಳಿಸಿಕೊಳ್ಳುವ ಗ್ರಾಹಕಗಳಿಗೆ ಮಾತ್ರ ಈ ಉಪಾಯ ನಡೆಯದು. ಅವೂ ಒಂದಕ್ಕಿಂತ ಹೆಚ್ಚೇ ಇರುತ್ತವೆ, ಆದರೆ ಯಾವುದನ್ನೂ ಆರಿಸಿಡುವುದಿಲ್ಲ, ಉಪಗ್ರಹ ಬದುಕಿರುವಷ್ಟು ಕಾಲ ಎಲ್ಲವೂ ಎಚ್ಚರವಾಗಿರಬೇಕು. ಏಕೆಂದರೆ ಕೇಳುತ್ತಿದ್ದ ಒಂದೇ ಗ್ರಾಹಕ ಕೆಟ್ಟು, ಇನ್ನೊಂದು ಆರಿದ್ದರೆ, ‘ನೀನು ಎದ್ದೇಳು’ ಎಂದು ಹಾಸನದವರು ಕೂಗಿದ್ದನ್ನು ಅಲ್ಲಿ ಕೇಳಿಸಿಕೊಳ್ಳುವವರು ಯಾರು?